ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಪ್ರೌಢಶಾಲೋತ್ತರ ಶಿಕ್ಷಣ ಮತ್ತು ತರಬೇತಿ: ಪರಾಮರ್ಶೆ ಹಾಗೂ ಪುನರ್‌ವ್ಯವಸ್ಥೆ

ಒಂದು ಪ್ರದೇಶದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೂ ಅದಕ್ಕೆ ಮೊದಲೇ ಶಾಲೆ ಬಿಟ್ಟವರಿಗೂ ಸಿಗುವ ಕಾಲೇಜು, ಐಟಿಐ, ಡಿಪ್ಲೊಮಾ ಮತ್ತು ಅಲ್ಪಾವಧಿ ತರಬೇತಿಗಳನ್ನು ಒಟ್ಟಿಗೆ ಇಟ್ಟು ನೋಡಿ, ಅವುಗಳ ನೆಲೆ, ಕೋರ್ಸು, ಆಡಳಿತ ಮತ್ತು ಪರಸ್ಪರ ಸಂಬಂಧವನ್ನು ಮರುಜೋಡಿಸುವ ಕ್ರಮಕ್ಕೆ ಪ್ರೌಢಶಾಲೋತ್ತರ ಶಿಕ್ಷಣ ಮತ್ತು ತರಬೇತಿಯ ಪುನರ್‌ವ್ಯವಸ್ಥೆ ಎನ್ನುತ್ತಾರೆ. ಮರುಜೋಡಣೆಗೆ ಮೊದಲು ನಡೆಯುವ ಎಣಿಕೆ ಮತ್ತು ವಿಶ್ಲೇಷಣೆಯನ್ನು ಈ ಲೇಖನದಲ್ಲಿ ‘ಪರಾಮರ್ಶೆ’ ಎಂದೂ, ಅದರ ಮೇಲೆ ಕೈಗೊಳ್ಳುವ ಬದಲಾವಣೆಯನ್ನು ‘ಪುನರ್‌ವ್ಯವಸ್ಥೆ’ ಎಂದೂ ಕರೆಯಲಾಗಿದೆ. ‘ತರಬೇತಿ’ ಎಂಬ ಮಾತು ಇಲ್ಲಿ ಒಂದು ಕಸುಬಿಗೆ ಸಿದ್ಧಗೊಳಿಸುವ ಕಲಿಕೆಗೆ ಮಾತ್ರ ಸಲ್ಲುತ್ತದೆ; ಪಿಯು ಮತ್ತು ಪದವಿ ‘ಸಾಮಾನ್ಯ ಶಿಕ್ಷಣ’ಕ್ಕೆ ಸೇರುತ್ತವೆ. ಚರ್ಚೆಯ ಕ್ಷೇತ್ರ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು. 2018ರಲ್ಲಿ ಹಿರೇಕೆರೂರಿನಿಂದ ಬೇರ್ಪಟ್ಟ ರಟ್ಟೀಹಳ್ಳಿಯನ್ನು, ಹಳೆಯ ದಾಖಲೆಗಳೊಂದಿಗೆ ಹೋಲಿಸುವ ಅನುಕೂಲಕ್ಕಾಗಿ, ಹಿರೇಕೆರೂರಿನ ಜೊತೆಗೇ ನೋಡಬೇಕಾಗುತ್ತದೆ.

ಕ್ಷೇತ್ರ ಪರಿಚಯ

ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರ ಆಗಸ್ಟ್ 24ರಂದು. 2011ರ ಜನಗಣತಿಯಂತೆ ಅದರ ಜನಸಂಖ್ಯೆ 15,97,668, ಸಾಕ್ಷರತೆ ಶೇ 77.40, ಜನರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಹಳ್ಳಿಗಳಲ್ಲಿದ್ದಾರೆ. ನಾಲ್ಕು ತಾಲ್ಲೂಕುಗಳು ಅಕ್ಕಪಕ್ಕದವಾದರೂ ಒಂದೇ ಬಗೆಯವಲ್ಲ. ಹಾನಗಲ್ಲ ಮಲೆನಾಡಿನ ಸೆರಗು: ಕೆರೆಗಳು, ಧರ್ಮಾ ಜಲಾಶಯದ ನೀರು, ಭತ್ತ, ಅಡಿಕೆ, ಮಾವು. ಶಿಗ್ಗಾಂವಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ, ಅದರ ಮುಖ ಹುಬ್ಬಳ್ಳಿಯ ಕಡೆಗೆ. ಸವಣೂರು ವೀಳ್ಯದೆಲೆಗೂ ಖಾರಕ್ಕೂ ಹೆಸರಾದ ಹಳೆಯ ನವಾಬಿ ಸಂಸ್ಥಾನದ ಊರು. ಆ ತಾಲ್ಲೂಕಿನ ಯಲವಿಗಿಯಲ್ಲಿ ಹುಬ್ಬಳ್ಳಿ–ದಾವಣಗೆರೆ ರೈಲು ನಿಲ್ಲುತ್ತದೆ. ಹಿರೇಕೆರೂರು ಗೋವಿನಜೋಳ ಮತ್ತು ಹತ್ತಿಯ ನಾಡು. ರೈಲಿಲ್ಲ, ಜಿಲ್ಲಾ ಕೇಂದ್ರ ದೂರ, ದಿನದ ವ್ಯವಹಾರ ರಾಣೆಬೆನ್ನೂರು ಮತ್ತು ಶಿಕಾರಿಪುರದ ಜೊತೆಗೆ. ಹಾನಗಲ್ಲಿನ ಪಶ್ಚಿಮದ ಹಳ್ಳಿಗಳಿಗೂ ಶಿರಸಿ, ಮುಂಡಗೋಡಗಳ ನಂಟು ಹಾವೇರಿಯ ನಂಟಿಗಿಂತ ಕಡಿಮೆಯದಲ್ಲ. ಆದ್ದರಿಂದ ಜಿಲ್ಲೆಯ ಗಡಿಯೊಳಗೆ ಮಾತ್ರ ಎಣಿಸಿದ ಯಾವ ಪರಾಮರ್ಶೆಯೂ ಈ ತಾಲ್ಲೂಕುಗಳ ವಿದ್ಯಾರ್ಥಿಯ ದಾರಿಯನ್ನು ಪೂರ್ತಿ ಹಿಡಿಯಲಾರದು.

ಮೂಲ ಮತ್ತು ಬೆಳವಣಿಗೆ

ಈ ಪ್ರದೇಶ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಸವಣೂರು ಸಂಸ್ಥಾನ ವಿಲೀನವಾದದ್ದು 1948ರಲ್ಲಿ. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಇದ್ದ ಧಾರವಾಡವೇ ಇಲ್ಲಿಯವರ ಉನ್ನತ ವಿದ್ಯೆಯ ಊರಾಗಿತ್ತು, ಮುಂದೆ ಕರ್ನಾಟಕ ವಿಶ್ವವಿದ್ಯಾಲಯವೂ ಅಲ್ಲಿಯೇ ನೆಲೆಯಾಯಿತು. ಊರುಗಳಲ್ಲಿ ಪ್ರೌಢಶಾಲೆ, ಕಾಲೇಜುಗಳನ್ನು ಮೊದಲು ಕಟ್ಟಿದವು ಮಠಗಳ ಪ್ರೇರಣೆಯಿಂದ ಹುಟ್ಟಿದ ವಿದ್ಯಾಸಂಸ್ಥೆಗಳು ಮತ್ತು ಸ್ಥಳೀಯ ಶಿಕ್ಷಣ ಮಂಡಳಿಗಳು. ಶಿವಯೋಗ ಮಂದಿರದ ಸ್ಥಾಪಕ ಹಾನಗಲ್ಲ ಕುಮಾರ ಸ್ವಾಮಿಗಳ (1867–1930) ಹೆಸರಿನ ಪದವಿ ಕಾಲೇಜು ಹಾನಗಲ್ಲಿನಲ್ಲಿ ಇಂದಿಗೂ ಇದೆ. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಂದದ್ದು ಆಮೇಲೆ. ಹೀಗಾಗಿ ಇಲ್ಲಿ ಸಾಮಾನ್ಯ ಶಿಕ್ಷಣದ ಬೇರು ಸಮಾಜದ ಕೈಯಲ್ಲೂ ತರಬೇತಿಯ ಬೇರು ಸರಕಾರದ ಕೈಯಲ್ಲೂ ಇಳಿಯಿತು. ಎರಡೂ ಒಂದೇ ಯೋಜನೆಯೊಳಗೆ ಕೂಡಿಬಂದದ್ದು ತೀರ ವಿರಳ.

ತರಬೇತಿಯ ಕಥೆ ಭಾರತ ಸರಕಾರದ 1950ರ ಕುಶಲಕರ್ಮಿ ತರಬೇತಿ ಯೋಜನೆಯಿಂದ ಆರಂಭವಾಗುತ್ತದೆ. ಐಟಿಐಗಳ ಹುಟ್ಟು ಅಲ್ಲಿಯೇ. 1961ರ ಅಪ್ರೆಂಟಿಸ್ ಕಾಯ್ದೆ ಕಾರ್ಖಾನೆಯ ನೆಲದಲ್ಲಿ ಕಲಿಯುವುದಕ್ಕೆ ಕಾನೂನಿನ ಚೌಕಟ್ಟು ಕೊಟ್ಟಿತು. ಸಾಮಾನ್ಯ ಶಿಕ್ಷಣ ಮತ್ತು ತರಬೇತಿಯನ್ನು ಒಂದೇ ಸೂರಿನಡಿ ತರಲು ಕರ್ನಾಟಕ ಮಾಡಿದ ದೊಡ್ಡ ಪ್ರಯತ್ನ ಪಿಯು ಹಂತದ ವೃತ್ತಿಶಿಕ್ಷಣ, ಜನರ ಬಾಯಲ್ಲಿ ಜೆಒಸಿ. 1977–78ರಲ್ಲಿ ಆರಂಭವಾದ ಅದು ಮೂರು ದಶಕ ನಡೆದು ನಿಂತಿತು. ಅರೆಕಾಲಿಕವಾಗಿ ದುಡಿಯುತ್ತಿದ್ದ ಬೋಧಕರನ್ನು 2011ರ ಕಾಯ್ದೆಯೊಂದರ ಮೂಲಕ ಬೇರೆ ಇಲಾಖೆಗಳಿಗೆ ಸೇರಿಸಿಕೊಳ್ಳಲಾಯಿತು. ಬೋಧಕರ ಪ್ರಶ್ನೆಗೆ ಉತ್ತರ ದೊರೆಯಿತು. ಕೋರ್ಸು ಹೋದ ಊರುಗಳಲ್ಲಿ ಅದರ ಜಾಗಕ್ಕೆ ಏನು ಬರಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ಶಿಕ್ಷಕ ತರಬೇತಿಯದು ಇದರ ತಿರುವುಮುರುವು ಕಥೆ. ಈ ಶತಮಾನದ ಮೊದಲ ದಶಕದಲ್ಲಿ ರಾಜ್ಯದ ತುಂಬ ಡಿ.ಇಡಿ. ಕಾಲೇಜುಗಳು ಅಣಬೆಗಳಂತೆ ಎದ್ದವು, ಶಿಕ್ಷಕರ ನೇಮಕ ಇಳಿಯುತ್ತಲೇ ಒಂದೊಂದಾಗಿ ಬಾಗಿಲು ಹಾಕಿದವು. ಒಂದರಲ್ಲಿ ಸರಕಾರ ಹಿಂದೆ ಸರಿಯಿತು, ಇನ್ನೊಂದರಲ್ಲಿ ಖಾಸಗಿ ಹೂಡಿಕೆ ಮುನ್ನುಗ್ಗಿತು. ಎರಡೂ ಕಡೆ ಕೊರತೆಯಾದದ್ದು ಒಂದೇ: ಈ ತಾಲ್ಲೂಕಿನಲ್ಲಿ ಇಷ್ಟು ಮಕ್ಕಳು, ಇಷ್ಟು ಆಸನ, ಇಷ್ಟು ಕೆಲಸ ಎಂದು ಮೊದಲೇ ಎಣಿಸಿದ ಲೆಕ್ಕ.

2010ರ ನಂತರ ಜಿಲ್ಲೆಗೆ ಹೊಸ ಸಂಸ್ಥೆಗಳು ಬಂದವು. 2011ರಲ್ಲಿ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 2023ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕೆರಿಮತ್ತಿಹಳ್ಳಿ ಸ್ನಾತಕೋತ್ತರ ಕೇಂದ್ರವನ್ನು ನೆಲೆಯಾಗಿಸಿ ಹಾವೇರಿ ವಿಶ್ವವಿದ್ಯಾಲಯ ಕಾರ್ಯಾರಂಭ ಮಾಡಿತು. 2022ರ ಜೂನ್ 20ರಂದು ರಾಜ್ಯದ 150 ಸರಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸಿದ ಯೋಜನೆ ಲೋಕಾರ್ಪಣೆಗೊಂಡಿತು. ಅದರ ವೆಚ್ಚ 4,600 ಕೋಟಿ ರೂಪಾಯಿಗೂ ಮಿಕ್ಕದ್ದು.

ರಚನೆ

ಒಂದು ತಾಲ್ಲೂಕಿನಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ವಿದ್ಯಾರ್ಥಿಯ ಮುಂದಿರುವ ಬಾಗಿಲುಗಳ ಬೀಗದ ಕೈಗಳು ಬೇರೆ ಬೇರೆ ಇಲಾಖೆಗಳಲ್ಲಿವೆ. ಪಿಯು ಕಾಲೇಜು ಶಾಲಾ ಶಿಕ್ಷಣ ಇಲಾಖೆಯ ಪದವಿಪೂರ್ವ ವಿಭಾಗದ್ದು. ಪದವಿ ಕಾಲೇಜು ಮತ್ತು ಪಾಲಿಟೆಕ್ನಿಕ್‌ಗಳು ಈಗ ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಎಂಬ ಒಂದೇ ಇಲಾಖೆಯಡಿ ಇದ್ದರೂ ಪದವಿಗೆ ಮಾನ್ಯತೆ ವಿಶ್ವವಿದ್ಯಾಲಯದಿಂದ, ಡಿಪ್ಲೊಮಾಕ್ಕೆ ಎಐಸಿಟಿಇಯಿಂದ ಬರಬೇಕು. ಐಟಿಐ ಇರುವುದು ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆಯಲ್ಲಿ. ಅದರ ಟ್ರೇಡು, ಪಠ್ಯ, ಪ್ರಮಾಣಪತ್ರಗಳನ್ನು ತೀರ್ಮಾನಿಸುವುದು ದಿಲ್ಲಿ. ರೈತರ ತರಬೇತಿ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ಪಾಲು. ತೋಟಗಾರಿಕೆ ಎಂಜಿನಿಯರಿಂಗ್ ಮತ್ತು ಆಹಾರ ತಂತ್ರಜ್ಞಾನದ ಕಾಲೇಜು ಹಾವೇರಿ ಬಳಿಯ ದೇವಿಹೊಸೂರಿನಲ್ಲಿದ್ದು ಬಾಗಲಕೋಟೆಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ಸ್ವಯಂ ಉದ್ಯೋಗದ ತರಬೇತಿಯನ್ನು ಬ್ಯಾಂಕುಗಳು ನಡೆಸುತ್ತವೆ. ಹಾಸ್ಟೆಲುಗಳು ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳು, ಅಲ್ಪಸಂಖ್ಯಾತರ ಇಲಾಖೆಗಳ ನಡುವೆ ಹಂಚಿಹೋಗಿವೆ, ಬಸ್ಸು ವಾಯವ್ಯ ಸಾರಿಗೆ ನಿಗಮದ್ದು. ಒಂದು ಮನೆಯ ಹುಡುಗಿ ಓದು ಮುಂದುವರಿಸುತ್ತಾಳೋ ಇಲ್ಲವೋ ಎಂಬುದು ಎಷ್ಟೋ ಸಲ ಈ ಕೊನೆಯ ಎರಡರಿಂದಲೇ ತೀರ್ಮಾನವಾಗುತ್ತದೆ. ಶಿಕ್ಷಣದ ಕಡತಗಳಲ್ಲಿ ಅವಕ್ಕೆ ಜಾಗವಿಲ್ಲ.

ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಕೌಶಲ್ಯ ಸಮಿತಿ ತರಬೇತಿಯ ಮಟ್ಟಿಗೆ ಒಂದು ಸಮನ್ವಯ ವೇದಿಕೆ. ವಿಶ್ವಬ್ಯಾಂಕ್ ನೆರವಿನ ಸಂಕಲ್ಪ ಯೋಜನೆ 2018ರಲ್ಲಿ ಬಂದಮೇಲೆ ಜಿಲ್ಲಾ ಕೌಶಲ್ಯಾಭಿವೃದ್ಧಿ ಯೋಜನೆಗಳನ್ನು ಬರೆಯುವ ರೂಢಿಯೂ ಬೆಳೆಯಿತು. ಆದರೆ ಪಿಯು ಮತ್ತು ಪದವಿ ಆ ವೇದಿಕೆಯ ಅಧಿಕಾರದ ಆಚೆಗಿವೆ. ತಾಲ್ಲೂಕು ಮಟ್ಟದಲ್ಲಂತೂ ಇವೆಲ್ಲವನ್ನೂ ಒಟ್ಟಿಗೆ ನೋಡುವ ಕುರ್ಚಿಯೇ ಇಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಯ ಕಣ್ಣು ಹತ್ತನೆಯ ತರಗತಿಗೆ ನಿಲ್ಲುತ್ತದೆ.

ಬಗೆಗಳು

ಸಾಮಾನ್ಯ ಶಿಕ್ಷಣದಲ್ಲಿ ಎರಡು ವರ್ಷದ ಪಿಯು ಮತ್ತು ಅದರ ಮೇಲಿನ ಪದವಿ ಸೇರುತ್ತವೆ. 2021–22ರಲ್ಲಿ ಬಂದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ರಾಜ್ಯ 2024–25ರಿಂದ ಮೂರು ವರ್ಷಕ್ಕೆ ಮರಳಿತು. ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್‌ನಂಥ ಎರಡು ವರ್ಷದ ಟ್ರೇಡುಗಳೂ ವೆಲ್ಡರ್, ಕಂಪ್ಯೂಟರ್ ಆಪರೇಟರ್‌ನಂಥ ಒಂದು ವರ್ಷದ ಟ್ರೇಡುಗಳೂ ಇವೆ. ಒಂದು ಘಟಕಕ್ಕೆ ಸಾಮಾನ್ಯವಾಗಿ 20ರಿಂದ 24 ಮಂದಿ. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಈ ಏಣಿ ಕಾನೂನಿನಲ್ಲಿ ಇದೆ. ಮಗ ಐಟಿಐಗೆ ಹೋದರೆ ಓದು ಅಲ್ಲಿಗೇ ಮುಗಿಯಿತು ಎಂದು ಮನೆಯವರು ತಿಳಿದಿದ್ದರೆ ಅದು ಅವರ ತಪ್ಪಲ್ಲ, ಏಣಿಯ ಮೆಟ್ಟಿಲುಗಳು ಬೇರೆ ಬೇರೆ ಇಲಾಖೆಗಳ ಅಂಗಳದಲ್ಲಿ ಬಿದ್ದಿವೆ.

ಅಲ್ಪಾವಧಿ ತರಬೇತಿಗಳಲ್ಲಿ ಕರ್ನಾಟಕದ್ದೇ ಒಂದು ಕೊಡುಗೆಯಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೂಡಿ ಆರಂಭಿಸಿದ ರುಡ್‌ಸೆಟ್, ಮುಂದೆ ದೇಶದ ಜಿಲ್ಲೆಗಳಲ್ಲಿ ಹರಡಿದ ಗ್ರಾಮೀಣ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆಗಳಿಗೆ ಮಾದರಿಯಾಯಿತು. 2017ರ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ, ಜಾನಪದ ವಿಶ್ವವಿದ್ಯಾಲಯದ ಸರ್ಟಿಫಿಕೇಟ್ ಮತ್ತು ಡಿಪ್ಲೊಮಾ ಕೋರ್ಸುಗಳು ಈ ಸಾಲಿಗೇ ಸೇರುತ್ತವೆ. ದೂರಶಿಕ್ಷಣ ಇನ್ನೊಂದು ದಾರಿ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ತಪ್ಪಿ 2018ರಲ್ಲಿ ಮರಳುವವರೆಗೆ ಅದು ಇಕ್ಕಟ್ಟಿನಲ್ಲಿತ್ತು.

ಪರಾಮರ್ಶೆಯ ಘಟಕ

ಪರಾಮರ್ಶೆ ಏನನ್ನು ಎಣಿಸಬೇಕು ಎಂಬುದೇ ಈ ವಿಷಯದ ತಿರುಳು. ಸಂಸ್ಥೆಯನ್ನು ಘಟಕವಾಗಿಟ್ಟರೆ ಕೇಳುವ ಪ್ರಶ್ನೆ ‘ಇದು ನಡೆಯಲು ಯೋಗ್ಯವೇ?’ ಎಂಬುದು. ವಿದ್ಯಾರ್ಥಿಯ ದಾರಿಯನ್ನು ಘಟಕವಾಗಿಟ್ಟರೆ ಪ್ರಶ್ನೆ ಬೇರೆಯಾಗುತ್ತದೆ: ತಿಳವಳ್ಳಿಯಲ್ಲಿ, ಹುಲಗೂರಿನಲ್ಲಿ, ಹತ್ತಿಮತ್ತೂರಿನಲ್ಲಿ, ಹಂಸಭಾವಿಯಲ್ಲಿ ಹತ್ತನೆಯ ತರಗತಿ ಮುಗಿಸಿದವರು ಎರಡು ವರ್ಷದ ಬಳಿಕ ಎಲ್ಲಿದ್ದಾರೆ, ಯಾವ ಬಸ್ಸಿನಲ್ಲಿ ಹೋಗುತ್ತಾರೆ, ಬಿಟ್ಟವರು ಯಾವ ತಿಂಗಳಲ್ಲಿ ಬಿಟ್ಟರು? ಈ ಎರಡನೆಯ ಬಗೆಯ ಎಣಿಕೆಗೆ ರಾಜ್ಯದಲ್ಲಿ ಗಟ್ಟಿಯಾದ ಪೂರ್ವನಿದರ್ಶನವಿದೆ. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಹಿಡಿಯಿತು; 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ಗುರುತಿಸಿತು. ಜಿಲ್ಲೆಯ ಸರಾಸರಿಯಲ್ಲಿ ಮುಚ್ಚಿಹೋಗುತ್ತಿದ್ದುದು ತಾಲ್ಲೂಕಿನ ಅಂಕಿಯಲ್ಲಿ ಎದ್ದು ಕಂಡಿತು. ಪ್ರೌಢಶಾಲೋತ್ತರ ಶಿಕ್ಷಣದಲ್ಲಿ ಆ ತರ್ಕವನ್ನು ಇನ್ನೊಂದು ಹೆಜ್ಜೆ ಮುಂದೊಯ್ದು ಹೋಬಳಿ ಮತ್ತು ಬಸ್ ಮಾರ್ಗದವರೆಗೆ ಇಳಿಸಬೇಕಾಗುತ್ತದೆ.

ಸಂಸ್ಥೆಯನ್ನು ಘಟಕವಾಗಿಟ್ಟ ಪರಾಮರ್ಶೆಗೆ ಜಿಲ್ಲೆಯಲ್ಲೇ ಉದಾಹರಣೆಯಿದೆ. ಹತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಹಾವೇರಿಯೂ ಸೇರಿ ಒಂಬತ್ತನ್ನು ಮುಚ್ಚಿ ಹಳೆಯ ವಿಶ್ವವಿದ್ಯಾಲಯಗಳಲ್ಲಿ ವಿಲೀನಗೊಳಿಸುವ ವಿಚಾರ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿಯ ಮುಂದೆ 2025ರ ಫೆಬ್ರುವರಿಯಲ್ಲಿ ಬಂತು. ಹಣ, ನೆಲ, ಸಿಬ್ಬಂದಿಯ ಕೊರತೆ ಕಾರಣವಾಗಿ ಮುಂದೆ ಬಂದವು. ಎದುರಾದ ವಾದ ಪ್ರಾದೇಶಿಕ ನ್ಯಾಯದ್ದು: ಸ್ಥಾಪಿಸಿ ಎರಡು ವರ್ಷವಾಗುವ ಮೊದಲೇ, ಹಣವನ್ನೂ ಕೊಡದೆ ಮುಚ್ಚುವುದು ಸಲ್ಲದು ಎಂದು. ಎರಡು ವಾದಗಳಲ್ಲೂ ಹುರುಳಿದೆ, ಎರಡೂ ಸಂಸ್ಥೆಯ ಸುತ್ತಲೇ ತಿರುಗುತ್ತವೆ. ಸವಣೂರಿನ ಬಿ.ಎ. ವಿದ್ಯಾರ್ಥಿನಿ ಕಲಿಯುವುದು ಸವಣೂರಿನ ಕಾಲೇಜಿನಲ್ಲಿ. ಮಾನ್ಯತೆ ಧಾರವಾಡದ್ದಾಗಲಿ ಹಾವೇರಿಯದಾಗಲಿ ಅವಳ ಬೆಂಚು ಬದಲಾಗದು. ಅಂಕಪಟ್ಟಿ, ಮರುಮೌಲ್ಯಮಾಪನ, ಸ್ನಾತಕೋತ್ತರ ಪ್ರವೇಶದಲ್ಲಿ ವ್ಯತ್ಯಾಸವಾಗುತ್ತದೆ ನಿಜ, ಹಾವೇರಿಯಲ್ಲೇ ಎಂ.ಎ. ಓದಲು ಸಾಧ್ಯವಾದ ಹುಡುಗಿಯರಿಗೆ ಅದು ಸಣ್ಣದೂ ಅಲ್ಲ. ಆದರೆ ಅಲ್ಲಿಯವರೆಗೆ ಬರುವ ಮೊದಲೇ, ಪಿಯು ಮತ್ತು ಐಟಿಐ ಹಂತದಲ್ಲಿ, ದಾರಿ ತಪ್ಪುವವರ ಸಂಗತಿ ಈ ಚರ್ಚೆಯಲ್ಲಿ ಬರಲೇ ಇಲ್ಲ.

ಇಂಗ್ಲೆಂಡಿನ ಅನುಭವ ಇಲ್ಲಿ ಹೋಲಿಕೆಗೆ ಒದಗುತ್ತದೆ. ಅಲ್ಲಿ 2015ರ ಸೆಪ್ಟೆಂಬರಿನಿಂದ 2017ರ ಮಾರ್ಚಿನವರೆಗೆ ದೇಶವನ್ನು 37 ಪ್ರದೇಶಗಳಾಗಿ ವಿಂಗಡಿಸಿ 16 ವರ್ಷ ಮೀರಿದವರ ಕಾಲೇಜುಗಳ ಪರಾಮರ್ಶೆ ನಡೆಯಿತು, ಹಲವು ಕಾಲೇಜುಗಳು ವಿಲೀನವಾದವು. ಅದೇ ವಯಸ್ಸಿನವರಿಗೆ ಪಾಠ ಹೇಳುತ್ತಿದ್ದ ಶಾಲೆಗಳ ಮೇಲ್ತರಗತಿಗಳು ಬಹುಮಟ್ಟಿಗೆ ಪರಾಮರ್ಶೆಯ ಹೊರಗುಳಿದದ್ದು ದೊಡ್ಡ ಟೀಕೆಗೆ ಗುರಿಯಾಯಿತು. ಅರ್ಧ ಬಯಲನ್ನು ಮಾತ್ರ ಅಳೆದು ಬೇಲಿ ಹಾಕಿದಂತಾಯಿತು. ಐಟಿಐಗಳನ್ನು ಪಿಯು ಕಾಲೇಜುಗಳಿಂದ ಬೇರ್ಪಡಿಸಿ ನೋಡುವ ನಮ್ಮ ರೂಢಿಗೂ ಅದೇ ಟೀಕೆ ಅನ್ವಯಿಸುತ್ತದೆ. ಉತ್ತರ ಐರ್ಲೆಂಡ್ 2007ರಲ್ಲಿ 16 ಕಾಲೇಜುಗಳನ್ನು ಆರು ಪ್ರಾದೇಶಿಕ ಕಾಲೇಜುಗಳಾಗಿ ಕೂಡಿಸಿತು; ಅಲ್ಲಿ ಒಂದೊಂದು ಕಾಲೇಜಿಗೆ ಹಲವು ಊರುಗಳಲ್ಲಿ ಆವರಣಗಳಿವೆ. ಆಡಳಿತವನ್ನು ಕೂಡಿಸುವುದೂ ಕಲಿಕೆಯ ಜಾಗವನ್ನು ಕಡಿಮೆ ಮಾಡುವುದೂ ಒಂದೇ ಅಲ್ಲ ಎಂಬುದಕ್ಕೆ ಇದು ಸಾಕ್ಷಿ.

ಪುನರ್‌ವ್ಯವಸ್ಥೆಯ ಮಾದರಿಗಳು ಮತ್ತು ಆಕ್ಷೇಪಗಳು

ವಿಲೀನ ಎಲ್ಲರಿಗೂ ಮೊದಲು ಹೊಳೆಯುವ ಮಾದರಿ. ಮಕ್ಕಳು ಕಡಿಮೆಯಿರುವ ಕಾಲೇಜುಗಳನ್ನು ಕೂಡಿಸಿದರೆ ಪ್ರಯೋಗಾಲಯ, ಗ್ರಂಥಾಲಯ, ಕಾಯಂ ಬೋಧಕರು ಒಂದೆಡೆ ಸಿಗುತ್ತಾರೆ ಎಂಬ ವಾದ ತಳ್ಳಿಹಾಕುವಂಥದ್ದಲ್ಲ. ವಿಜ್ಞಾನ ವಿಭಾಗದಲ್ಲಿ ಬೆರಳೆಣಿಕೆಯ ಮಕ್ಕಳನ್ನು ಇಟ್ಟುಕೊಂಡು ಅತಿಥಿ ಉಪನ್ಯಾಸಕರಿಂದ ನಡೆಯುವ ಕಾಲೇಜು ಹೆಸರಿಗೆ ಹತ್ತಿರ, ಗುಣಕ್ಕೆ ದೂರ. ಆದರೆ ವಿಲೀನದಿಂದ ಸರಕಾರಕ್ಕೆ ಉಳಿಯುವ ವೆಚ್ಚದ ಒಂದು ಪಾಲು ಪ್ರಯಾಣವಾಗಿ ಮನೆಗಳ ಮೇಲೆ ಬೀಳುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಸ್ ದರ ಇಲ್ಲವಾದ್ದರಿಂದ ಈ ಆಕ್ಷೇಪ ಹಳತಾಯಿತು ಎನ್ನುವವರಿದ್ದಾರೆ. ದರ ಹೋದರೂ ಹೊತ್ತು ಉಳಿಯಿತು: ಬೆಳಗಿನ ಒಂದೇ ಬಸ್ಸು, ಸಂಜೆ ಕತ್ತಲಾದ ಮೇಲೆ ಹಳ್ಳಿಗೆ ಬರುವ ಒಂದೇ ಬಸ್ಸು. ಆದಕಾರಣ ವಿಲೀನಕ್ಕಿಂತ ಹಂಚಿಕೆಯ ಮಾದರಿ ಈ ತಾಲ್ಲೂಕುಗಳಿಗೆ ಹೆಚ್ಚು ಒಗ್ಗುತ್ತದೆ. ಪಾಠ ಊರಲ್ಲಿ, ಪ್ರಯೋಗ ಮತ್ತು ಕಾರ್ಯಾಗಾರ ವಾರದ ಗೊತ್ತಾದ ದಿನ ತಾಲ್ಲೂಕು ಕೇಂದ್ರದಲ್ಲಿ. ಮೇಲ್ದರ್ಜೆಗೇರಿದ ಐಟಿಐಗಳ ದುಬಾರಿ ಯಂತ್ರಗಳನ್ನು ಪಿಯು ಮತ್ತು ಪದವಿಯ ಮಕ್ಕಳೂ ಮುಟ್ಟುವಂತಾದರೆ ಆ ಕೋಟಿಗಳ ಹೂಡಿಕೆಗೂ ಅರ್ಥ ಬರುತ್ತದೆ. ಅದಕ್ಕೆ ಬೇಕಾದದ್ದು ಹೊಸ ಕಟ್ಟಡವಲ್ಲ, ಎರಡು ಇಲಾಖೆಗಳು ಒಪ್ಪಿದ ಒಂದು ವೇಳಾಪಟ್ಟಿ. ಶಾಲಾ ಹಂತದಲ್ಲಿ ಪೂರ್ವ ಪ್ರಾಥಮಿಕದಿಂದ ಪಿಯುವರೆಗೆ ಒಂದೇ ಆವರಣಕ್ಕೆ ತರುವ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದಿವೆ; ಅಂಥ ಆವರಣಗಳಲ್ಲಿ ಒಂದೆರಡು ಟ್ರೇಡುಗಳ ಘಟಕಗಳನ್ನು ಸೇರಿಸುವುದು ಜೆಒಸಿಯ ಆಶಯಕ್ಕೆ ಹೊಸ ನೆಲೆ ಕೊಡಬಲ್ಲದು. ಜೆಒಸಿ ಸೋತ ಕಾರಣಗಳು, ಅಂದರೆ ಅರೆಕಾಲಿಕ ಬೋಧಕರು, ಮುಂದಿನ ಓದಿಗೆ ಕಿರಿದಾದ ದಾರಿಯಷ್ಟೇ ಇದ್ದ ಪ್ರಮಾಣಪತ್ರ, ಸ್ಥಳೀಯ ಕಸುಬಿಗೆ ಹೊಂದದ ಆಯ್ಕೆ, ಹಾಗೆಯೇ ಉಳಿದರೆ ಫಲವೂ ಹಾಗೆಯೇ ಇರುತ್ತದೆ.

ಯಾವ ಟ್ರೇಡು ಎಲ್ಲಿ ಎಂಬ ಪ್ರಶ್ನೆಯಲ್ಲಿ ಇನ್ನೊಂದು ತಕರಾರು ಏಳುತ್ತದೆ. ಹಾನಗಲ್ಲಿನಲ್ಲಿ ಮಾವಿನ ಸಂಸ್ಕರಣೆ, ಹಿರೇಕೆರೂರಿನಲ್ಲಿ ಗೋವಿನಜೋಳ ಒಕ್ಕುವ ಯಂತ್ರ ಮತ್ತು ಟ್ರಾಕ್ಟರ್ ದುರಸ್ತಿ, ಶಿಗ್ಗಾಂವಿಯಲ್ಲಿ ಹೆದ್ದಾರಿ ವಾಹನಗಳ ಕೆಲಸ ಎಂದು ಸ್ಥಳೀಯ ಬೇಡಿಕೆಗೆ ತಕ್ಕಂತೆ ಹೊಂದಿಸಬೇಕೆಂಬುದು ಒಂದು ಪಕ್ಷ. ಇಲ್ಲಿಯ ಯುವಕರು ಹೋಗುವುದು ಹುಬ್ಬಳ್ಳಿ, ಬೆಂಗಳೂರು, ಗೋವೆಗೆ. ಊರಿನ ಬೇಡಿಕೆಗೆ ಕಟ್ಟಿಹಾಕಿದರೆ ಅವರ ಕಾಲಿಗೆ ಹಗ್ಗ ಬಿಗಿದಂತೆ ಎಂಬುದು ಇನ್ನೊಂದು. ಎರಡನೆಯ ಪಕ್ಷದ ಕಾಳಜಿ ನ್ಯಾಯವಾದದ್ದು. ಅದಕ್ಕೆ ಉತ್ತರ ಟ್ರೇಡಿನ ಆಯ್ಕೆಗಿಂತ ಅದರ ಪ್ರಮಾಣಪತ್ರದಲ್ಲಿದೆ: ಎಲೆಕ್ಟ್ರಿಷಿಯನ್ ಟ್ರೇಡನ್ನು ಹಾನಗಲ್ಲಿನ ಪಂಪ್‌ಸೆಟ್ಟಿನ ಮೇಲೆ ಕಲಿತರೂ ಪ್ರಮಾಣಪತ್ರ ದೇಶದೆಲ್ಲೆಡೆ ಸಲ್ಲುತ್ತದೆ. ಸ್ಥಳೀಯವಾಗಬೇಕಾದದ್ದು ಅಭ್ಯಾಸದ ವಸ್ತು, ಮಾನದಂಡವಲ್ಲ. ದೊಡ್ಡ ಕಾರ್ಖಾನೆಗಳಿಲ್ಲದ ಈ ತಾಲ್ಲೂಕುಗಳಲ್ಲಿ ಅಪ್ರೆಂಟಿಸ್ ಜಾಗ ಸಿಗುವುದು ಕಷ್ಟ ಎಂಬ ಮಾತು ಮಾತ್ರ ಸುಲಭವಾಗಿ ಪರಿಹಾರವಾಗುವಂಥದ್ದಲ್ಲ. ಹುಬ್ಬಳ್ಳಿ–ಧಾರವಾಡದ ಉದ್ದಿಮೆಗಳ ಜೊತೆ ಜಿಲ್ಲೆಯ ಗಡಿ ದಾಟಿದ ಒಪ್ಪಂದ, ಅಲ್ಲಿ ಉಳಿಯಲು ಹಾಸ್ಟೆಲು ಇಲ್ಲದೆ ಅದು ಆಗದು.

ಭಾಷೆಯ ಪ್ರಶ್ನೆಯನ್ನು ಪರಾಮರ್ಶೆಗಳು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಸವಣೂರು ಮತ್ತು ಬಂಕಾಪುರದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ಮಕ್ಕಳು, ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳು, ಕನ್ನಡ ಮಾಧ್ಯಮದ ಬಹುಪಾಲು ಮಕ್ಕಳು ಎಲ್ಲರೂ ಡಿಪ್ಲೊಮಾದ ಮೊದಲ ವರ್ಷದಲ್ಲಿ ಇಂಗ್ಲಿಷ್ ಪಠ್ಯದ ಮುಂದೆ ಒಟ್ಟಿಗೆ ಎಡವುತ್ತಾರೆ. ಪ್ರವೇಶದ ಅಂಕಿ ನೋಡಿದರೆ ಆಸನ ತುಂಬಿರುತ್ತದೆ. ಎರಡನೆಯ ವರ್ಷದ ಹಾಜರಿಯನ್ನು ಎಣಿಸಿದಾಗ ಮಾತ್ರ ಈ ಎಡವು ಕಣ್ಣಿಗೆ ಬೀಳುತ್ತದೆ.

ಇಂದಿನ ಸ್ಥಿತಿ

2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಗೆ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂತು. ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಅದೇ ವರ್ಷ ಮುಂದೆ ಸಾಗಬಹುದಾದರೂ, ಅವರು ಬರುವ ಹೊತ್ತಿಗೆ ಪ್ರವೇಶದ ಬಾಗಿಲು ತೆರೆದಿರುವಂತೆ ಪಿಯು, ಐಟಿಐ, ಪಾಲಿಟೆಕ್ನಿಕ್‌ಗಳ ಕ್ಯಾಲೆಂಡರುಗಳು ಹೊಂದಿಕೊಳ್ಳಬೇಕಾಗಿದೆ. 2023ರ ಡಿಸೆಂಬರಿನಲ್ಲಿ ನೋಂದಣಿ ಆರಂಭವಾದ ಯುವನಿಧಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿಯಂತೆ ಎರಡು ವರ್ಷದವರೆಗೆ ಕೊಡುತ್ತದೆ. ಅದರ ನೋಂದಣಿಯ ಪಟ್ಟಿ, ಯಾವ ಕೋರ್ಸಿನಿಂದ ಹೊರಬಂದವರು ಕೆಲಸವಿಲ್ಲದೆ ಉಳಿದಿದ್ದಾರೆ ಎಂಬುದರ ತಾಲ್ಲೂಕುವಾರು ದಾಖಲೆಯಾಗಿ ಪರಾಮರ್ಶೆಗೆ ಒದಗಬಲ್ಲದು.

ನೀತಿಯ ಮಟ್ಟದಲ್ಲಿ, ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ವರದಿ ಸಲ್ಲಿಸಿದೆ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು 2024ರಲ್ಲಿ ಎಂ. ಗೋವಿಂದ ರಾವ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಕೇಂದ್ರ ಸರಕಾರ 2025ರಲ್ಲಿ 60,000 ಕೋಟಿ ರೂಪಾಯಿಯ ಪಿಎಂ–ಸೇತು ಯೋಜನೆಗೆ ಒಪ್ಪಿಗೆ ಕೊಟ್ಟಿದ್ದು, ಅದರಂತೆ ದೇಶದ 1,000 ಸರಕಾರಿ ಐಟಿಐಗಳಲ್ಲಿ 200 ಕೇಂದ್ರಗಳಾಗಿ, 800 ಅವುಗಳ ಸುತ್ತಲಿನ ಶಾಖೆಗಳಾಗಿ ಕೆಲಸ ಮಾಡಬೇಕು. ಕೇಂದ್ರ ಮತ್ತು ಶಾಖೆ ಎಂಬ ಈ ವಿನ್ಯಾಸ ಕಾರ್ಯಾಗಾರಗಳ ಹಂಚಿಕೆಗೆ ಹತ್ತಿರದ್ದು, ಆದರೆ ಅದು ಐಟಿಐಗಳ ನಡುವಿನ ಕೊಂಡಿ ಮಾತ್ರ. ಅದೇ ಊರಿನ ಪಿಯು ಕಾಲೇಜು, ಪದವಿ ಕಾಲೇಜು, ಹಾಸ್ಟೆಲುಗಳು ಅದರ ನಕ್ಷೆಯಲ್ಲಿ ಇಲ್ಲ.